ಪಲೆರ್ಮೋದಲ್ಲಿ ಆರು ಗಂಟೆ: ನಡೆದು ನೋಡುವವರಿಗೆ ಖರ್ಚು ಕಡಿಮೆ

ಕ್ರೂಸ್ ಹಡಗು ಅಂದರೆ ದುಡ್ಡಿದ್ದವರ ವಿಷಯ, ನಮಗೇಕೆ ಎಂದು ಕೇಳುವವರಿದ್ದಾರೆ. ಆದರೆ ನಮ್ಮ ಕರಾವಳಿಯ ಹುಡುಗರು ಈ ಹಡಗುಗಳ ಅಡುಗೆ ಕೋಣೆಯಲ್ಲಿ, ಹೌಸ್‌ಕೀಪಿಂಗ್‌ನಲ್ಲಿ, ಇಂಜಿನ್ ವಿಭಾಗದಲ್ಲಿ ದುಡಿಯುತ್ತಿದ್ದಾರೆ. ಗಲ್ಫ್‌ನಲ್ಲಿರುವ ಕೆಲವು ಕುಟುಂಬಗಳೂ ರಜೆಯಲ್ಲಿ ಮೆಡಿಟರೇನಿಯನ್ ಕಡೆ ಹೋಗಿ ಬರುತ್ತವೆ. ಹಡಗು ಬೆಳಿಗ್ಗೆ ಒಂದು ಬಂದರಿಗೆ ಬರುತ್ತದೆ, ಸಂಜೆ ಬಿಡುತ್ತದೆ. ಹಡಗಿನವರು ಮಾರುವ ಬಸ್ ಟೂರ್ ದುಬಾರಿ. ಹಾಗಾಗಿ ಹಲವರು ವೈಫೈ ಸಿಗುವಲ್ಲಿ ಕೂತು, ಮನೆಗೆ ಫೋನ್ ಮಾಡಿ, ವಾಪಸ್ ಹಡಗು ಹತ್ತುತ್ತಾರೆ. ಮನೆಗೆ ಫೋನ್ ಮಾಡುವುದು ಬೇಕಾದದ್ದೇ. ಆದರೆ ಬಂದರು ಪಲೆರ್ಮೋ ಆಗಿದ್ದರೆ ಫೋನ್ ಮುಗಿಸಿ ಎದ್ದು ನಡೆಯಿರಿ. ಅಲ್ಲಿ ನೋಡಬೇಕಾದ್ದನ್ನು ನೋಡಲಿಕ್ಕೆ ದುಡ್ಡಿಗಿಂತ ಹೆಚ್ಚು ಬೇಕಾದದ್ದು ಮದ್ರಸದಲ್ಲಿ ಕಲಿತ ಅಕ್ಷರ.

ಪಲೆರ್ಮೋ ಇಟಲಿಯ ಸಿಸಿಲಿ ದ್ವೀಪದ ರಾಜಧಾನಿ. ರೋಮ್ ನೋಡಬೇಕಾದರೆ ಚಿವಿತಾವೆಕ್ಕಿಯಾ ಬಂದರಿನಲ್ಲಿ ಇಳಿದು ರೈಲು ಹಿಡಿಯಬೇಕು. ಪಲೆರ್ಮೋದಲ್ಲಿ ಆ ಕಷ್ಟವಿಲ್ಲ, ಹಡಗು ನಿಲ್ಲುವುದೇ ಪೇಟೆಯ ಬುಡದಲ್ಲಿ. ಪ್ರಯಾಣಿಕರಾಗಿ ಹೋಗುವ ಭಾರತೀಯರಿಗೆ ಷೆಂಗೆನ್ ವೀಸಾ ಬೇಕು. ಹಡಗು ನಡುವೆ ಟುನೀಷಿಯಾ ಅಥವಾ ಟರ್ಕಿಗೆ ಹೋಗಿ ಮತ್ತೆ ಇಟಲಿಗೆ ಬರುವುದಾದರೆ ಮಲ್ಟಿಪಲ್ ಎಂಟ್ರಿ ವೀಸಾವೇ ಆಗಬೇಕು. ಸಿಬ್ಬಂದಿಗೆ ಬಂದರು ಇರುವ ಊರು ಮತ್ತು ಅದಕ್ಕೆ ತಾಗಿದ ಊರುಗಳ ಮಿತಿಯಲ್ಲಿ ಶೋರ್ ಲೀವ್ ಕೊಡುವ ನಿಯಮ ಉಂಟು. ಇಳಿಯುವ ಮೊದಲು ಹಡಗಿನ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ದಾರಿ ಹೀಗೆ

ಬಂದರಿನ ಗೇಟು ದಾಟಿದ ಕೂಡಲೇ ಟ್ಯಾಕ್ಸಿಯವರು, ಕುದುರೆ ಗಾಡಿಯವರು ಕರೆಯುತ್ತಾರೆ. ಬೇಡ ಎಂದು ನಗುತ್ತಾ ಹೇಳಿ ಮುಂದೆ ಹೋಗಿ. ಎಮೆರಿಕೊ ಅಮಾರಿ ಬೀದಿಯಲ್ಲಿ ನೇರ ನಡೆದರೆ ಪೊಲಿತೆಯಾಮಾ ರಂಗಮಂದಿರ ಸಿಗುತ್ತದೆ. ಅಲ್ಲಿ ಎಡಕ್ಕೆ ತಿರುಗಿ ತೆಯಾತ್ರೊ ಮಾಸ್ಸಿಮೊ ದಾಟಿ ಮಾಕೆದಾ ಬೀದಿ ಹಿಡಿಯಿರಿ. ಅದು ಕ್ವಾತ್ರೊ ಕಾಂತಿ ಎಂಬ ನಾಲ್ಕು ಮೂಲೆಯ ವೃತ್ತಕ್ಕೆ ತಲುಪುತ್ತದೆ. ಅಲ್ಲಿಂದ ಬಲಕ್ಕೆ ಏರಿದರೆ ಕೆಥೆಡ್ರಲ್, ಅದರಾಚೆ ನಾರ್ಮನ್ ಅರಮನೆ. ಒಟ್ಟು ಸುಮಾರು 3 ಕಿ.ಮೀ. ಮಂಗಳೂರಿನ ಸ್ಟೇಟ್‌ಬ್ಯಾಂಕಿನಿಂದ ಕಂಕನಾಡಿಗೆ ನಡೆದಷ್ಟು ಅಂತ ಇಟ್ಟುಕೊಳ್ಳಿ. ಸುಸ್ತಾದರೆ ಸಿಟಿ ಬಸ್ ಉಂಟು. ಟಿಕೆಟನ್ನು ‘ಟಿ’ ಗುರುತಿನ ತಂಬಾಕು ಅಂಗಡಿಯಲ್ಲಿ ಮೊದಲೇ ತೆಗೆದುಕೊಂಡು, ಬಸ್ಸು ಹತ್ತಿದ ಮೇಲೆ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದ ಟಿಕೆಟಿಗೆ ದಂಡ ಬೀಳುತ್ತದೆ.

ಈ ದಾರಿಯಲ್ಲಿ ನೀವು ತುಳಿಯುವ ನೆಲದ ಹೆಸರುಗಳೇ ಅರಬಿ. ಕ್ವಾತ್ರೊ ಕಾಂತಿಯಿಂದ ಮೇಲೆ ಹೋಗುವ ಬೀದಿಗೆ ಊರವರು ಇಂದಿಗೂ ಕಸ್ಸಾರೊ ಎನ್ನುತ್ತಾರೆ. ಅದು ‘ಅಲ್ ಕಸ್ರ್’, ಅಂದರೆ ಕೋಟೆ. ಸಮುದ್ರದ ಬದಿಯ ಕಾಲ್ಸಾ ಪೇಟೆ ‘ಅಲ್ ಖಾಲಿಸಾ’. ಯಾಕೆಂದರೆ ಕ್ರಿ.ಶ. 831ರಿಂದ 1072ರವರೆಗೆ ಇದು ಮುಸ್ಲಿಮರ ಆಳ್ವಿಕೆಯ ಪಟ್ಟಣ. 973ರಲ್ಲಿ ಬಂದ ಪ್ರವಾಸಿ ಇಬ್ನು ಹೌಕಲ್ ಇಲ್ಲಿ ಮುನ್ನೂರಕ್ಕೂ ಹೆಚ್ಚು ಮಸೀದಿಗಳಿವೆ ಎಂದು ಬರೆದಿದ್ದಾನೆ. ಮಕ್ಕಳಿಗೆ ಕಲಿಸುವ ಇಲ್ಲಿನ ಮುಅಲ್ಲಿಮರ ಬಗ್ಗೆ ಮಾತ್ರ ಅವನು ಒಂದು ಒಳ್ಳೆಯ ಮಾತನ್ನೂ ಬರೆದಿಲ್ಲ. ಅದನ್ನು ನಾವು ಉಸ್ತಾದರು ಕ್ಷಮಿಸಿ ಬಿಡೋಣ!

ಕಂಬದ ಮೇಲಿನ ಆಯತ್

ಕೆಥೆಡ್ರಲಿನ ದಕ್ಷಿಣದ ಮುಖಮಂಟಪದಲ್ಲಿ, ಎಡಗಡೆಯ ಕಂಬದ ಹತ್ತಿರ ನಿಲ್ಲಿ. ಇದು ಹೊರಗಿನ ಜಾಗ, ಟಿಕೆಟ್ ಇಲ್ಲ. ಕಂಬದ ಮೇಲೆ ಅರಬಿ ಅಕ್ಷರಗಳನ್ನು ಕೆತ್ತಿದ್ದಾರೆ. ಅದು ಕುರ್‌ಆನಿನ ಸೂರತುಲ್ ಅಅರಾಫ್‌ನ 54ನೇ ಆಯತ್, ರಾತ್ರಿ ಹಗಲನ್ನು ಮುಚ್ಚುವಂತೆ ಮಾಡಿದ ಅಲ್ಲಾಹನನ್ನು ನೆನಪಿಸುವ ಮಾತು. ಈ ಜಾಗದಲ್ಲಿ ಮೊದಲು ಜುಮಾ ಮಸೀದಿ ಇತ್ತು. ಸಾವಿರಾರು ಪ್ರವಾಸಿಗರು ಪಕ್ಕದಲ್ಲೇ ಹಾದು ಹೋಗುತ್ತಾರೆ, ಹೆಚ್ಚಿನವರಿಗೆ ಅದು ಒಂದು ಚಿತ್ತಾರ ಅಷ್ಟೆ. ಮದ್ರಸದ ಬೆಂಚಿನಲ್ಲಿ ಕೂತು ಅಲಿಫ್ ಬಾ ಕಲಿತ ನಮ್ಮ ಹುಡುಗ ಅಲ್ಲಿ ಒಂದೊಂದೇ ಅಕ್ಷರ ಹುಡುಕಿ ಓದಬಲ್ಲ. ಯಾವ ಗೈಡಿಗೂ ದುಡ್ಡು ಕೊಡಬೇಕಾಗಿಲ್ಲ.

ಕೆಥೆಡ್ರಲಿನ ಒಳಗೆ ಚಕ್ರವರ್ತಿ ಎರಡನೇ ಫ್ರೆಡರಿಕನ ಕೆಂಪು ಕಲ್ಲಿನ ಸಮಾಧಿ ಇದೆ. ಸಿಸಿಲಿಯಲ್ಲಿ ಉಳಿದಿದ್ದ ಮುಸ್ಲಿಮರನ್ನು 1220ರ ದಶಕದಿಂದ ಇಟಲಿಯ ಲುಚೇರಾ ಪಟ್ಟಣಕ್ಕೆ ಸಾಗಿಸಿದವನು ಇವನೇ. ಮುನ್ನೂರು ಮಸೀದಿಯ ಊರಲ್ಲಿ ಆಮೇಲೆ ಬಾಂಗ್ ಕೇಳಲಿಲ್ಲ. ಸಾಗಿಸಿದವನು ಒಳಗೆ ಮಲಗಿದ್ದಾನೆ, ಆಯತ್ ಹೊರಗೆ ಬಿಸಿಲಿನಲ್ಲಿ ನಿಂತಿದೆ. ಇದನ್ನು ಅಲ್ಲಿ ನಿಂತು ಯೋಚಿಸಲಿಕ್ಕೆ ಹತ್ತು ನಿಮಿಷ ಕೊಡಿ.

ದುಡ್ಡು ಖರ್ಚು ಮಾಡುವುದಿದ್ದರೆ ಒಂದೇ ಕಡೆ ಮಾಡಿ, ಅರಮನೆಯೊಳಗಿನ ಪಲಾತೀನಾ ಚಾಪೆಲ್‌ನಲ್ಲಿ. ಕ್ರೈಸ್ತ ದೊರೆ ಎರಡನೇ ರೋಜರ್ ಕಟ್ಟಿಸಿದ ಈ ಪ್ರಾರ್ಥನಾ ಮಂದಿರದ ಮರದ ಮೇಲ್ಛಾವಣಿ ಮುಸ್ಲಿಂ ಶೈಲಿಯದು, ಕೂಫಿ ಬರಹವೂ ಇದೆ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ ನೋಡಿ ಬೆಳೆದವರಿಗೆ ಅಲ್ಲಿ ಕತ್ತೆತ್ತಿದರೆ ಇಳಿಸಲಿಕ್ಕೆ ಮನಸ್ಸಾಗದು. ಇದೇ ರೋಜರನ ಆಸ್ಥಾನದಲ್ಲಿ ಅಲ್ ಇದ್ರೀಸಿ 1154ರಲ್ಲಿ ತನ್ನ ಪ್ರಸಿದ್ಧ ಭೂಗೋಳ ಗ್ರಂಥವನ್ನು ಮುಗಿಸಿದ್ದು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಬೇಕು ಎಂಬ ನಿಯಮ ನಮ್ಮವರಿಗೆ ಹೊಸತಲ್ಲ.

ನಮಾಝ್, ಊಟ, ಗಡಿಯಾರ

ಕ್ವಾತ್ರೊ ಕಾಂತಿಯ ಹತ್ತಿರ ಚೆಲ್ಸೊ ಬೀದಿಯಲ್ಲಿ ಒಂದು ಮಸೀದಿ ಉಂಟು, ಹಳೆಯ ಚರ್ಚೊಂದರ ಕಟ್ಟಡದಲ್ಲಿ. ಬಾಗಿಲು ಮುಚ್ಚಿದ್ದರೆ ಚಿಂತೆ ಬೇಡ. ಮುಸಾಫಿರನಿಗೆ ಝುಹ್ರ್ ಮತ್ತು ಅಸರನ್ನು ಜಮ್‌ಅ್ ಮಾಡಲಿಕ್ಕೆ ರಿಯಾಯಿತಿ ಇದೆ. ವರ್ಷವಿಡೀ ಹಡಗಲ್ಲೇ ಇರುವವರು ಇದರ ವಿವರವನ್ನು ತಮ್ಮ ಉಸ್ತಾದರಲ್ಲಿ ಕೇಳಿ ತಿಳಿಯಲಿ. ಒಂದು ಮಾತು ನೆನಪಿರಲಿ: ಊರಿನಲ್ಲಿ ನಾವು ಪಶ್ಚಿಮಕ್ಕೆ ಮುಖ ಮಾಡಿ ಅಭ್ಯಾಸ. ಅಲ್ಲಿ ಕಿಬ್ಲಾ ಪೂರ್ವ ಮತ್ತು ಆಗ್ನೇಯದ ನಡುವೆ.

ಊಟಕ್ಕೆ ಬಲ್ಲಾರೊ ಸಂತೆ ಒಳ್ಳೆಯದು. ಪನೆಲ್ಲೆ ಎಂಬುದು ಕಡಲೆ ಹಿಟ್ಟಿನ ಕರಿದ ತಿಂಡಿ, ಬ್ರೆಡ್ಡಿನೊಳಗೆ ಇಟ್ಟು ಕೊಡುತ್ತಾರೆ. ಕಡಿಮೆ ಬೆಲೆಗೆ ಹೊಟ್ಟೆ ತುಂಬುತ್ತದೆ. ಯಾವ ಎಣ್ಣೆಯಲ್ಲಿ ಕರಿದದ್ದು ಎಂದು ಕೇಳಿಕೊಳ್ಳಿ. ಹಂದಿ ಕೊಬ್ಬಿಗೆ ಅಲ್ಲಿ ‘ಸ್ತ್ರುತ್ತೊ’ ಎನ್ನುತ್ತಾರೆ. ಗುಲ್ಮದ ಬ್ರೆಡ್ಡಿಗೂ, ಕನ್ನೋಲಿ ಎಂಬ ಸಿಹಿಯ ಹಿಟ್ಟಿಗೂ ಹಳೆ ಪದ್ಧತಿಯಲ್ಲಿ ಅದೇ ಕೊಬ್ಬು, ಕನ್ನೋಲಿಗೆ ವೈನ್ ಕೂಡ ಬೀಳುತ್ತದೆ. ಅವೆರಡನ್ನೂ ಬಿಡಿ. ಬಾಯಾರಿದರೆ ನಿಂಬೆಯ ಗ್ರಾನಿತಾ ಕುಡಿಯಿರಿ.

ಹಡಗಿನ ಸಮಯವೂ ಊರಿನ ಸಮಯವೂ ಒಂದೇಯಾ ಎಂದು ಇಳಿಯುವಾಗಲೇ ನೋಡಿ. ಹಡಗಿನ ಟೂರಿನಲ್ಲಿ ಹೋದವರಿಗೆ ಹಡಗು ಕಾಯುತ್ತದೆ, ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ತಪ್ಪಿದರೆ ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಬೇಕು. ಹತ್ತಬೇಕಾದ ಕೊನೆ ಸಮಯಕ್ಕಿಂತ ಒಂದು ಗಂಟೆ ಮುಂಚೆ ಗೇಟಿನ ಒಳಗಿರಿ. ಮ್ಯಾಪನ್ನು ಮೊದಲೇ ಫೋನಿಗೆ ಇಳಿಸಿಡಿ. ಬಂದರು ಏಜೆಂಟರ ನಂಬರನ್ನು ಕಾಗದದಲ್ಲಿ ಬರೆದು ಕಿಸೆಯಲ್ಲಿಡಿ. ಸಮುದ್ರದಲ್ಲಿರುವಾಗ ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ಇಲ್ಲದಿದ್ದರೆ ಹಡಗಿನ ನೆಟ್‌ವರ್ಕ್‌ನ ಬಿಲ್ಲೇ ಟೂರಿಗಿಂತ ಹೆಚ್ಚಾದೀತು.

ದುಡ್ಡಿಲ್ಲದೆ ಈ ದಡಕ್ಕೆ ಬಂದವರಲ್ಲಿ ನಾವು ಮೊದಲಿಗರಲ್ಲ. 1184ರ ಕೊನೆಗೆ ಹಜ್ಜ್ ಮುಗಿಸಿ ಮರಳುತ್ತಿದ್ದ ಇಬ್ನು ಜುಬೈರ್ ಇದ್ದ ಹಡಗು ಸಿಸಿಲಿಯ ಮೆಸ್ಸೀನಾ ಬಳಿ ಒಡೆಯಿತು. ದಡ ಸೇರಿಸಲಿಕ್ಕೆ ದೋಣಿಯವರು ಕೇಳಿದ ಬಾಡಿಗೆ ಬಡ ಮುಸ್ಲಿಮರ ಕೈಯಲ್ಲಿರಲಿಲ್ಲ. ಆಗ ಕ್ರೈಸ್ತ ದೊರೆ ಎರಡನೇ ವಿಲಿಯಂ ತನ್ನ ಹಣ ಕೊಟ್ಟು ಅವರನ್ನು ಇಳಿಸಿದ. ಮುಂದೆ ತೆರ್ಮಿನಿ ಎಂಬಲ್ಲಿ ಗಾಳಿ ಕೈಕೊಟ್ಟಾಗ ಇಬ್ನು ಜುಬೈರ್ ದೋಣಿ ಬಿಟ್ಟು ಪಲೆರ್ಮೋಗೆ ನಡೆದೇ ಹೋದ. ಕಂಡದ್ದನ್ನೆಲ್ಲ ಬರೆದಿಟ್ಟದ್ದರಿಂದ ಅವನ ಆ ನಡಿಗೆ ಇಂದು ನಮಗೂ ಗೊತ್ತು. ನೀವೂ ನಡೆಯಿರಿ, ಕಂಡದ್ದನ್ನು ರಾತ್ರಿ ಮನೆಗೆ ಫೋನ್ ಮಾಡಿದಾಗ ಮಕ್ಕಳಿಗೆ ಹೇಳಿ. ಕಂಬದ ಆಯತನ್ನು ಓದಿಸಲಿಕ್ಕೆ ಅದರ ಒಂದು ಫೋಟೊ ಕಳಿಸಿ. ಅಲ್ಲಾಹನು ನಿಮ್ಮ ಸಫರನ್ನು ಸುಗಮಗೊಳಿಸಲಿ, ಆಮೀನ್.