ಸರಾಸರಿ ಕಳೆದರೆ ವಯಸ್ಸು ಕಳೆಯುವುದಿಲ್ಲ

ಮಿದುಳಿನ ಎಂ.ಆರ್.ಐ. ಚಿತ್ರಗಳಿಂದ ಎರಡು ಗುಂಪುಗಳನ್ನು ಹೋಲಿಸುವವರಲ್ಲಿ ಒಂದು ನಂಬಿಕೆ ಬೇರೂರಿದೆ. ಪ್ರತಿಯೊಬ್ಬರ ವಯಸ್ಸಿನಿಂದ ಅವರವರ ಗುಂಪಿನ ಸರಾಸರಿ ಕಳೆದುಬಿಟ್ಟರೆ ವಯಸ್ಸಿನ ತಕರಾರು ತೀರಿತು, ಎರಡೂ ಕಡೆ ಸರಾಸರಿ ಸೊನ್ನೆಯಾಯಿತಲ್ಲ, ಇನ್ನೇನು ಬೇಕು ಎಂಬ ವಾದ. ಇದು ಶುದ್ಧ ತಪ್ಪು. ಎಷ್ಟು ಸಲ ತಿದ್ದಿದರೂ ಮತ್ತೆ ತಲೆ ಎತ್ತುತ್ತದೆ.

ನಮ್ಮ ಕಡೆಯದೇ ಒಂದು ಅಧ್ಯಯನವನ್ನು ಕಲ್ಪಿಸಿಕೊಳ್ಳಿ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ಜ್ವರ ಒಮ್ಮೆ ಇಳಿದು ಮರಳಿದಾಗ ಕೆಲವರಿಗೆ ನಡುಕ, ಬುದ್ಧಿಭ್ರಮೆ ಕಾಣಿಸುವುದುಂಟು. ಹಾಗಾಗಿ ಗುಣವಾದವರ ಮಿದುಳಿನಲ್ಲಿ ಏನಾದರೂ ಪರಿಣಾಮ ಉಳಿದಿದೆಯೇ ಎಂದು ಕೇಳುವುದು ನ್ಯಾಯವೇ. ಸೊರಬದಲ್ಲಿ ಗುಣವಾದವರದು ಒಂದು ಗುಂಪು, ಸರಾಸರಿ ವಯಸ್ಸು 65. ಶಿಕಾರಿಪುರದಲ್ಲಿ ಕಾಯಿಲೆ ಬಾರದವರದು ಇನ್ನೊಂದು, ಸರಾಸರಿ 55. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನ ಸರಾಸರಿ ಗಾತ್ರ ಸೊರಬದವರಲ್ಲಿ 3,500 ಘನ ಮಿಲಿಮೀಟರ್, ಶಿಕಾರಿಪುರದವರಲ್ಲಿ 3,700 ಎನ್ನಿ. ಎರಡೂ ಕಡೆ ವರ್ಷಕ್ಕೆ 20ರಂತೆ ಕುಗ್ಗುತ್ತದೆ ಎನ್ನಿ. ಇವೆಲ್ಲ ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು.

ಎಲ್ಲರ ವಯಸ್ಸಿನಿಂದಲೂ 60 ಕಳೆಯಿರಿ. ಕಳೆದ ಮೇಲೆ ಸೊನ್ನೆ ಬರುವ ವಯಸ್ಸಿನಲ್ಲೇ ಹೋಲಿಕೆ ನಡೆಯುವುದರಿಂದ, ಆಗ ಸಿಗುವುದು 60 ವರ್ಷದ ಸೊರಬದವರಿಗೂ 60 ವರ್ಷದ ಶಿಕಾರಿಪುರದವರಿಗೂ ಹೋಲಿಕೆ. ಎರಡೂ ಕಡೆ 3,600, ವ್ಯತ್ಯಾಸವೇ ಇಲ್ಲ. ಈಗ ಸೊರಬದವರಿಂದ 65, ಶಿಕಾರಿಪುರದವರಿಂದ 55 ಕಳೆದು ನೋಡಿ. 65ರವರನ್ನು 55ರವರ ಎದುರು ನಿಲ್ಲಿಸಿದಂತಾಯಿತು. 200 ಘನ ಮಿಲಿಮೀಟರ್ ವ್ಯತ್ಯಾಸ! ಅದಷ್ಟೂ ಹತ್ತು ವರ್ಷದ ಮುಪ್ಪಿನದು. ಅದನ್ನು ಮಂಗನ ಕಾಯಿಲೆಯ ಖಾತೆಗೆ ಬರೆದು, ‘ವಯಸ್ಸಿನ ಪರಿಣಾಮವನ್ನು ಸರಿದೂಗಿಸಲಾಗಿದೆ’ ಎಂದು ಷರಾ ಹಾಕುತ್ತಾರೆ. ಗುಂಪುವಾರು ಸರಾಸರಿ ಕಳೆಯುವುದಕ್ಕೂ ಒಂದು ಅರ್ಥವಿದೆ. ಆದರೆ ಆಗ ಉತ್ತರ ಸಿಗುವುದು ಬೇರೆ ಪ್ರಶ್ನೆಗೆ.

ಎಲ್ಲರಿಂದ ಒಂದೇ ಸಂಖ್ಯೆ ಕಳೆದರೆ ಯಾವುದಾದರೇನು ಎನ್ನುವವರೂ ಇದ್ದಾರೆ. ಕುಗ್ಗುವ ವೇಗ ಎರಡೂ ಗುಂಪಿಗೆ ಒಂದೇ ಆಗಿದ್ದರೆ ಆ ಮಾತು ಸರಿ. ಬೇರೆಯಾಗಿದ್ದರೆ 50 ಕಳೆದಾಗ ಒಂದು ಉತ್ತರ, 70 ಕಳೆದಾಗ ಇನ್ನೊಂದು. ವಯಸ್ಸಿನ ಜೊತೆ ಶಾಲೆ ಕಲಿತ ವರ್ಷಗಳನ್ನೂ ಲೆಕ್ಕಕ್ಕೆ ಸೇರಿಸಿದಾಗ, ಎಲ್ಲರಿಂದ ಒಂದೇ ಸರಾಸರಿ ಕಳೆದರೆ ಆ ಎರಡರ ನಡುವಿನ ನಂಟು ಸಡಿಲವಾಗುತ್ತದೆ ಎಂಬುದೂ ಸುಳ್ಳು, ಅದು ಕೂದಲೆಳೆಯಷ್ಟೂ ಬದಲಾಗುವುದಿಲ್ಲ.

ನನಗೆ ಸಿಟ್ಟು ಬರುವುದು ಇಂಥ ವರದಿ ಓದುವವರ ಮೇಲೂ ಹೌದು. ತಂತ್ರಾಂಶದ ಮೆನುವಿನಲ್ಲಿ ಸಿಗುವ ಒಂದು ಆಯ್ಕೆ ಒತ್ತಿದರೆ ಸಾಕು, ವರದಿಯಲ್ಲಿ ‘ಸರಿದೂಗಿಸಲಾಗಿದೆ’ ಎಂಬ ಪದ ಕಂಡರೆ ಸಾಕು, ಬಣ್ಣ ಹಚ್ಚಿದ ಮಿದುಳಿನ ಚಿತ್ರವೊಂದು ಪಕ್ಕದಲ್ಲಿದ್ದರಂತೂ ಮುಗಿದೇಹೋಯಿತು, ಯಾವ ಸಂಖ್ಯೆ ಕಳೆದಿರಿ ಎಂದು ಯಾರೂ ಕೇಳುವುದಿಲ್ಲ. ವಯಸ್ಸಿನ ಲೆಕ್ಕ ಅಷ್ಟು ಸುಲಭದ್ದಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ ಹಳ್ಳಿಗರನ್ನು ವರ್ಷಗಟ್ಟಲೆ ಮರುಪರೀಕ್ಷಿಸುತ್ತಿದೆ. ಒಬ್ಬರದೇ ಮಿದುಳು ಕಾಲದೊಂದಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ತಿಳಿಯಲು ಇಷ್ಟು ಕಷ್ಟಪಡಬೇಕು.

ಸೊರಬದ ಗುಂಪಿನಲ್ಲಿ ಎಲ್ಲರೂ 60 ಮೀರಿದವರು, ಶಿಕಾರಿಪುರದ ಗುಂಪಿನಲ್ಲಿ ಎಲ್ಲರೂ 60ರೊಳಗಿನವರು ಎಂದಾದರೆ ಯಾವ ಸಂಖ್ಯೆ ಕಳೆದೂ ಪ್ರಯೋಜನವಿಲ್ಲ. ಸ್ಕ್ಯಾನ್ ಮಾಡುವ ಮೊದಲೇ ಎರಡೂ ಊರುಗಳಿಂದ ಸಮವಯಸ್ಕರನ್ನು ಹುಡುಕಿ ಕರೆತರಬೇಕಿತ್ತು.