ನಡುವಯಸ್ಸಿನಲ್ಲಿ ವಿಮಾನ ಚಾಲನೆ

ವಿಲೇಪಾರ್ಲೆಯ ಮಾಳಿಗೆಗಳ ಮೇಲೆ ತಗ್ಗಿ ಹಾರುವ ವಿಮಾನವನ್ನು ಕಂಡು ಅದನ್ನು ನಡೆಸಬೇಕೆಂದು ಹಂಬಲಿಸುವವರು ನಮ್ಮಂಥ ಶಾಲೆಯ ಮಕ್ಕಳು ಮಾತ್ರವಲ್ಲ. ನಾಲ್ವತ್ತು ತುಂಬಿದ ಗುಮಾಸ್ತನೂ ಹಂಬಲಿಸಬಹುದು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಹಿರಿಯರನ್ನು ಬಲ್ಲ ನಮಗೆ ತಡವಾಗಿ ಕಲಿಯುವುದು ಅಚ್ಚರಿಯ ಮಾತಲ್ಲ.

ನಮ್ಮ ದೇಶದ ನಿಯಮವು ವೃತ್ತಿ ಪೈಲಟನಿಗೆ 18 ವರ್ಷ ತುಂಬಿರಬೇಕೆನ್ನುತ್ತದೆ. ಇಷ್ಟು ವಯಸ್ಸಾದ ಮೇಲೆ ಕಲಿಯಕೂಡದೆನ್ನುವುದಿಲ್ಲ. ಎಲ್ಲೆಯಿರುವುದು ಇನ್ನೊಂದು ತುದಿಯಲ್ಲಿ. ಪ್ರಯಾಣಿಕ ವಿಮಾನಗಳ ಚಾಲಕರು 65ಕ್ಕೆ ನಿಲ್ಲಬೇಕು. 2006ರವರೆಗೆ ಕ್ಯಾಪ್ಟನರಿಗೆ ಅಂತರರಾಷ್ಟ್ರೀಯ ಮಿತಿ 60 ಆಗಿತ್ತು. (ಜೆ. ಆರ್. ಡಿ. ತಾತಾ ಅವರು 1982ರಲ್ಲಿ, 78ನೆಯ ವಯಸ್ಸಿನಲ್ಲಿ, ಕರಾಚಿಯಿಂದ ಮುಂಬಯಿಗೆ ಒಬ್ಬರೇ ಹಾರಿಬಂದರು. ಆದರೆ ಅವರು ಟಿಕೆಟು ಕೊಂಡವರನ್ನು ಕರೆತಂದಿರಲಿಲ್ಲ!)

ಆದುದರಿಂದ ವರ್ಷಗಳನ್ನು ಹಿಂದಿನಿಂದ ಎಣಿಸಬೇಕು. ಲೈಸೆನ್ಸಿಗೆ 200 ಗಂಟೆಗಳ ಹಾರಾಟ, ಲಿಖಿತ ಪರೀಕ್ಷೆಗಳು, ಬಳಿಕ ದೊಡ್ಡ ವಿಮಾನದ ತರಬೇತಿ. ನಾಲ್ವತ್ತರಲ್ಲಿ ತೊಡಗಿದವನು ನಾಲ್ವತ್ತಮೂರರಲ್ಲಿ ಸಹಚಾಲಕನಾದನೆನ್ನೋಣ. ಉಳಿಯುವುದು 22 ವರ್ಷ. ಸಣ್ಣ ಅವಧಿಯೇನಲ್ಲ. ಆದರೆ ತರಬೇತಿಗಾಗಿ ಮಾಡಿದ ಲಕ್ಷಗಟ್ಟಲೆ ಸಾಲವನ್ನು ಮಕ್ಕಳ ಶುಲ್ಕದ ಜೊತೆಗೇ ತೀರಿಸಬೇಕು. ದೇಹಪರೀಕ್ಷೆಯಂತೂ ಮತ್ತೆ ಮತ್ತೆ ನಡೆಯುತ್ತದೆ. ಹೃದಯದಲ್ಲೊಂದು ದೋಷ ಕಂಡರೆ ವೃತ್ತಿಯೇ ನಿಲ್ಲಬಹುದು. ತರಬೇತಿಗೆ ಒಂದು ರೂಪಾಯಿ ಕಟ್ಟುವ ಮುನ್ನವೇ ಆ ಪರೀಕ್ಷೆಯನ್ನು ಮಾಡಿಸಿಕೊಳ್ಳುವುದು ಜಾಣತನವೆಂದು ನಮಗೆ ತೋರುತ್ತದೆ.

ಹಿರಿತನದ ಲೆಕ್ಕವೂ ಬೇರೆ. ಅನೇಕ ಕಂಪೆನಿಗಳು ಅದನ್ನು ಸೇರಿದ ದಿನದಿಂದ ಎಣಿಸುತ್ತವೆ, ನರೆಗೂದಲಿನಿಂದಲ್ಲ. ಕ್ಯಾಪ್ಟನನ ಉನ್ನತ ಲೈಸೆನ್ಸಿಗೆ 1500 ಗಂಟೆಗಳಾಗಬೇಕು. ಅಲ್ಲಿಯವರೆಗೆ ನಾಲ್ವತ್ತೈದರ ಗೃಹಸ್ಥನು ಬಲಗಡೆಯ ಆಸನದಲ್ಲಿ ಕುಳಿತು, ಎಡಗಡೆಯ ಮೂವತ್ತರ ತರುಣನ ಆಜ್ಞೆಯನ್ನು ಪಾಲಿಸಬೇಕಾದೀತು.