ಸಂಚಾರಿ ದತ್ತಾಂಶದ ವರಮಾನ ಮತ್ತು ಕನ್ನಡ ಅಕ್ಷರದ ಬೆಲೆ

ಚೆನ್ನೈಯ ದಕ್ಷಿಣಕ್ಕೆ, ವಿಮಾನ ನಿಲ್ದಾಣದ ಮಗ್ಗುಲಿನಲ್ಲಿರುವ ಪಲ್ಲಾವರಂ ವಿದ್ವಾಂಸರಿಗೆ ಪರಿಚಿತವಾದುದು ಶಿಲಾಯುಗದ ಕಾರಣದಿಂದ. 1863ರ ಮೇ ತಿಂಗಳಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯೊಂದನ್ನು ಗುರುತಿಸಿದನು. ಮುಂದೆ ಬಳ್ಳಾರಿ ಸೀಮೆಯಲ್ಲಿ ಸಂಚರಿಸಿ ಕರ್ನಾಟಕದ ಪ್ರಾಗಿತಿಹಾಸದ ಅಧ್ಯಯನಕ್ಕೆ ತಳಹದಿ ಹಾಕಿದವನೂ ಅವನೇ. ಇದೇ ಊರಿನಲ್ಲಿ ಪ್ರತಿ ಶುಕ್ರವಾರ ಹಳೆಯ ಟ್ರಂಕ್ ರಸ್ತೆಯ ಉದ್ದಕ್ಕೂ ಸಂತೆ ನೆರೆಯುತ್ತದೆ. ಗಿಡ, ಪಾತ್ರೆ, ಮರದ ಸಾಮಾನುಗಳ ಜೊತೆಗೆ ಬಳಸಿ ಬಿಟ್ಟ ವಿದ್ಯುನ್ಮಾನ ಉಪಕರಣಗಳೂ ಮೊಬೈಲ್ ಫೋನುಗಳೂ ಅಲ್ಲಿ ಮಾರಾಟಕ್ಕೆ ಬರುತ್ತವೆ. ಇವೂ ಒಂದು ಬಗೆಯ ಅವಶೇಷಗಳೇ. ಗುಂಡಿ ಒತ್ತುವ ಹಳೆಯ ಫೋನುಗಳಲ್ಲಿ ಹಲವಕ್ಕೆ ಕನ್ನಡ ಲಿಪಿ ಬಾರದು. ಕನ್ನಡದ ಸಂದೇಶ ಬಂದರೆ ಅಕ್ಷರದ ಸ್ಥಾನದಲ್ಲಿ ಖಾಲಿ ಚೌಕಗಳು ಮೂಡುತ್ತಿದ್ದವು. ಈ ಚೌಕಗಳ ಹಿಂದೆ ತಂತ್ರಜ್ಞಾನದ ಮಿತಿಯಷ್ಟೇ ಅಲ್ಲದೆ ವರಮಾನದ ಲೆಕ್ಕಾಚಾರವೂ ಇತ್ತು. ದೂರಸಂಪರ್ಕ ಕಂಪನಿಗಳು ಯಾವುದನ್ನು ಅಳೆದು ಹಣ ಪಡೆದವು ಎಂಬುದರ ಮೇಲೆ ಕನ್ನಡ ಬರಹದ ಬೆಲೆ ನಿಂತಿತ್ತು.

ಭಾರತದಲ್ಲಿ ಸಂಚಾರಿ ದೂರವಾಣಿಯ ಮೊದಲ ಕರೆ ನಡೆದುದು 1995ರ ಜುಲೈ 31ರಂದು. ಆಗಿನ ಮದರಾಸು ಪ್ರತ್ಯೇಕ ಪರವಾನಗಿಯ ಮಹಾನಗರ ವೃತ್ತವಾಗಿದ್ದು, ಪಲ್ಲಾವರಂ ಅದರೊಳಗೆ ಸೇರಿತ್ತು. ಸ್ಕೈಸೆಲ್ ಮತ್ತು ಆರ್‌ಪಿಜಿ ಸೆಲ್ಯುಲಾರ್ ಎಂಬ ಎರಡು ಕಂಪನಿಗಳಿಗೆ ಅಲ್ಲಿ ಅನುಮತಿ ದೊರೆತಿತ್ತು. ಕರ್ನಾಟಕ ಇನ್ನೊಂದು ವೃತ್ತ. ವೃತ್ತದ ಎಲ್ಲೆ ಭಾಷೆಯ ಎಲ್ಲೆಯನ್ನು ಅರಿಯದು. ಉಡುಪಿ ಹೋಟೆಲುಗಳಲ್ಲಿ, ಕಾರ್ಖಾನೆ ಕಚೇರಿಗಳಲ್ಲಿ ದುಡಿಯಲೆಂದು ಬಂದ ಕನ್ನಡಿಗನು ಊರಿನ ಸಂಖ್ಯೆಯನ್ನೇ ಇಟ್ಟುಕೊಂಡರೆ ಸಂಚಾರದ ಶುಲ್ಕ ತೆರಬೇಕಿತ್ತು. ಸ್ಥಳೀಯ ಸಂಖ್ಯೆ ಪಡೆದರೆ ಊರಿಗೆ ಮಾಡುವ ಪ್ರತಿಯೊಂದು ಕರೆಯೂ ದೂರದ ಕರೆಯಾಗುತ್ತಿತ್ತು. ಹೊರನಾಡ ಕನ್ನಡಿಗರಿಗೆ ಕಿರು ಸಂದೇಶ, ಅಂದರೆ ಎಸ್ಸೆಮ್ಮೆಸ್, ಪ್ರಿಯವಾದುದಕ್ಕೆ ಇದೂ ಒಂದು ಕಾರಣ.

ಜಗತ್ತಿನ ಮೊದಲ ಕಿರು ಸಂದೇಶ 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ರವಾನೆಯಾಯಿತು. ಅದರ ಅಳತೆ ಮಾತ್ರ ಅದಕ್ಕೂ ಮುಂಚೆ ನಿಶ್ಚಯವಾಗಿತ್ತು. ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ 1985ರಲ್ಲಿ ಸಾಮಾನ್ಯ ವಾಕ್ಯಗಳನ್ನು ಬೆರಳಚ್ಚು ಮಾಡಿ ಎಣಿಸಿ, 160 ಅಕ್ಷರಗಳು ಸಾಕೆಂಬ ನಿರ್ಣಯಕ್ಕೆ ಬಂದನು. ಕರೆಗಳನ್ನು ಜೋಡಿಸುವ ಸಂಕೇತಗಳು ಹರಿಯುವ ಕಿರಿದಾದ ಹಾದಿಯಲ್ಲಿಯೇ ಈ ಸಂದೇಶಗಳೂ ಸಾಗುತ್ತವೆ. ಆದ್ದರಿಂದ ಕಂಪನಿಗೆ ತಗಲುವ ಹೆಚ್ಚುವರಿ ವೆಚ್ಚ ನಗಣ್ಯ, ಬರುವ ಹಣ ಬಹುತೇಕ ಲಾಭ. ಯೂರೋಪಿನಲ್ಲಿಯೂ ಫಿಲಿಪ್ಪೀನ್ಸಿನಲ್ಲಿಯೂ ಧ್ವನಿಯಲ್ಲದ ಸೇವೆಯಿಂದ ಮೊದಲು ದೊಡ್ಡ ವರಮಾನ ತಂದಿತ್ತದ್ದು ಈ ಪುಟ್ಟ ಸಂದೇಶವೇ.

ಒಂದು ಸಂದೇಶದ ಒಡಲು 140 ಬೈಟುಗಳದು. ರೋಮನ್ ಅಕ್ಷರಕ್ಕೆ ಏಳು ಬಿಟ್ಟುಗಳಂತೆ ಲೆಕ್ಕ ಹಾಕಿದರೆ ಅದರಲ್ಲಿ 160 ಅಕ್ಷರಗಳು ಹಿಡಿಯುತ್ತವೆ. ಆ ಪಟ್ಟಿಕೆಯಲ್ಲಿ ಕನ್ನಡಕ್ಕೆ ಎಡೆಯಿರಲಿಲ್ಲ. ಕನ್ನಡ ಕಳುಹಬೇಕಾದರೆ ಪ್ರತಿಯೊಂದು ಸಂಕೇತಕ್ಕೂ ಹದಿನಾರು ಬಿಟ್ಟುಗಳನ್ನು ವ್ಯಯಿಸುವ ವಿಧಾನಕ್ಕೆ ಹೊರಳಬೇಕು. ಆಗ ಸಂದೇಶದಲ್ಲಿ ಹಿಡಿಯುವುದು 70 ಸಂಕೇತಗಳು ಮಾತ್ರ. ಇಲ್ಲಿ ಸಂಕೇತವೆಂದರೆ ವ್ಯಾಕರಣದ ಅಕ್ಷರವಲ್ಲ ಎಂಬುದನ್ನು ಗಮನಿಸಬೇಕು. ಕೇಶಿರಾಜನ ಶಿಷ್ಯರಿಗೆ ‘ಸ್ತ್ರೀ’ ಎಂಬುದು ಒಂದು ಅಕ್ಷರ. ಯಂತ್ರಕ್ಕೆ ಅದು ಆರು ಸಂಕೇತಗಳು: ಮೂರು ವ್ಯಂಜನ, ಎರಡು ವಿರಾಮ, ಒಂದು ಸ್ವರಚಿಹ್ನೆ. ಒತ್ತಕ್ಷರದ ಸೊಗಸಿಗೆ ತೆರುವ ತೆರಿಗೆಯೆಂದು ಇದನ್ನು ಕರೆಯಬಹುದೇನೋ.

‘ನಾಳೆ ಸಂಜೆ ಬರುತ್ತೇನೆ’ ಎಂಬ ವಾಕ್ಯವನ್ನೇ ತೆಗೆದುಕೊಳ್ಳಬಹುದು. ಕಣ್ಣಿಗೆ ಕಾಣುವ ಅಕ್ಷರಗಳು ಎಂಟು. ನಡುವಿನ ಎರಡು ತೆರಪುಗಳೂ ಸೇರಿ ಯಂತ್ರದ ಎಣಿಕೆಗೆ ಹತ್ತೊಂಬತ್ತು ಸಂಕೇತಗಳು, ಅಂದರೆ 38 ಬೈಟುಗಳು. ಇದನ್ನೇ ರೋಮನ್ ಲಿಪಿಯಲ್ಲಿ ರೂಢಿಯಂತೆ ಬರೆದರೆ ಮೊದಲ ಎರಡು ಪದಗಳಿಗೆ ಐದೈದು, ಕೊನೆಯದಕ್ಕೆ ಒಂಬತ್ತು, ತೆರಪು ಸೇರಿ ಒಟ್ಟು 21 ಅಕ್ಷರಗಳು. ಬೈಟುಗಳ ಲೆಕ್ಕದಲ್ಲಿ 19ಕ್ಕಿಂತ ಹೆಚ್ಚಾಗದು. ಸರಿಯಾಗಿ ಅರ್ಧ. ಕನ್ನಡದ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದವನು ಇಮ್ಮಡಿ ಜಾಗಕ್ಕೆ ಹಣ ಕೊಡುತ್ತಿದ್ದನು. ಹೊರನಾಡಿನಲ್ಲಿ ಇದರ ಪರಿಣಾಮ ಇನ್ನೂ ಸ್ಪಷ್ಟ. 2013ರ ಜುಲೈಯಿಂದ ಸಂಚಾರದಲ್ಲಿದ್ದವರು ದೂರದ ವೃತ್ತಕ್ಕೆ ಕಳುಹುವ ಸಂದೇಶಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ವಿಧಿಸಿದ್ದ ಗರಿಷ್ಠ ದರ ಒಂದೂವರೆ ರೂಪಾಯಿ. ಕರ್ನಾಟಕದ ಸಂಖ್ಯೆಯಿಟ್ಟುಕೊಂಡು ಪಲ್ಲಾವರದಿಂದ ಊರಿಗೆ 80 ಸಂಕೇತಗಳ ಯುಗಾದಿಯ ಹಾರೈಕೆಯನ್ನು ಕನ್ನಡದಲ್ಲಿ ಕಳುಹಿದರೆ ಅದು ಎರಡು ಸಂದೇಶಗಳಾಗಿ ಒಡೆದು ಮೂರು ರೂಪಾಯಿಯವರೆಗೆ ಬೀಳಬಹುದಿತ್ತು. ರೋಮನ್ ಲಿಪಿಯಲ್ಲಾದರೆ ಒಂದೂವರೆ. 2015ರ ಮೇ ತಿಂಗಳಲ್ಲಿ ಆ ಮಿತಿ 38 ಪೈಸೆಗೆ ಇಳಿಯಿತು. ಅಷ್ಟರಲ್ಲಿ ರೋಮನ್ ಲಿಪಿಯಲ್ಲಿ ಕನ್ನಡ ಬರೆಯುವ ಅಭ್ಯಾಸ ಒಂದು ಪೀಳಿಗೆಯ ಬೆರಳುಗಳಲ್ಲಿ ಕೂತುಬಿಟ್ಟಿತ್ತು. ಇದನ್ನು ಭಾಷಾಭಿಮಾನದ ಕೊರತೆಯೆಂದು ಮಾತ್ರ ವ್ಯಾಖ್ಯಾನಿಸುವುದು ನ್ಯಾಯವಲ್ಲ.

ಪರಿಹಾರ ಇರಲಿಲ್ಲವೆಂದಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿತ್ತು. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಏಳು ಬಿಟ್ಟುಗಳ ಪ್ರತ್ಯೇಕ ಪಟ್ಟಿಕೆಗಳನ್ನು ಅಂತರರಾಷ್ಟ್ರೀಯ ಸಂಚಾರಿ ದೂರವಾಣಿ ಮಾನಕಕ್ಕೆ ಆಮೇಲೆ ಸೇರಿಸಲಾಯಿತು. ಅದನ್ನು ಬಳಸಿದರೆ ಕನ್ನಡ ಸಂದೇಶದ ಗಾತ್ರ ರೋಮನ್ ಸಂದೇಶಕ್ಕೆ ಸಮೀಪವಾಗುತ್ತಿತ್ತು. ಆದರೆ ಕಳುಹುವ ಫೋನೂ ಪಡೆಯುವ ಫೋನೂ ಆ ಪಟ್ಟಿಕೆಯನ್ನು ಅರಿತಿದ್ದರೆ ಮಾತ್ರ ಪ್ರಯೋಜನ. ಮಾನಕದ ಪುಟದಲ್ಲಿದ್ದ ಸೌಲಭ್ಯ ಗ್ರಾಹಕನ ಕೈಗೆ ವ್ಯಾಪಕವಾಗಿ ತಲುಪಲಿಲ್ಲ.

ಈ ಸಂದರ್ಭದಲ್ಲಿ ಜಪಾನಿನ ಉದಾಹರಣೆ ಬೋಧಪ್ರದವಾಗಿದೆ. ಅಲ್ಲಿಯ ಎನ್‌ಟಿಟಿ ಡೊಕೊಮೊ ಕಂಪನಿಯು 1999ರ ಫೆಬ್ರವರಿ 22ರಂದು ಐ-ಮೋಡ್ ಎಂಬ ಸೇವೆಯನ್ನು ಆರಂಭಿಸಿತು. ಕಳೆದ ಸಮಯಕ್ಕಲ್ಲದೆ ಸಾಗಿದ ದತ್ತಾಂಶಕ್ಕೆ ಶುಲ್ಕ: 128 ಬೈಟುಗಳ ಒಂದು ಪೊಟ್ಟಣಕ್ಕೆ 0.3 ಯೆನ್. ಅದು ಮೊದಲಿನಿಂದಲೂ ಜಪಾನೀ ಲಿಪಿಯನ್ನು ಎದುರಿಗಿಟ್ಟುಕೊಂಡೇ ರೂಪುಗೊಂಡ ವ್ಯವಸ್ಥೆ. ಅದಕ್ಕಿಂತ ಮುಖ್ಯವಾದುದು ವರಮಾನದ ಹಂಚಿಕೆ. ಸುದ್ದಿ, ಜ್ಯೋತಿಷ್ಯ, ಚಿತ್ರ, ಆಟಗಳನ್ನು ಸಿದ್ಧಪಡಿಸಿ ಒದಗಿಸುವವರ ಶುಲ್ಕವನ್ನು ಕಂಪನಿಯೇ ತನ್ನ ಬಿಲ್ಲಿನಲ್ಲಿ ವಸೂಲು ಮಾಡಿ, ಶೇಕಡಾ 9ರಷ್ಟನ್ನು ಮಾತ್ರ ತನಗಿರಿಸಿಕೊಂಡು ಉಳಿದುದನ್ನು ಅವರಿಗೆ ಸಲ್ಲಿಸುತ್ತಿತ್ತು. ಅದರಿಂದ ಸಾವಿರಾರು ಮಂದಿ ಜಪಾನೀ ಭಾಷೆಯಲ್ಲಿ ಸಾಮಗ್ರಿ ಸಿದ್ಧಪಡಿಸಲು ಮುಂದಾದರು; ಸಾಮಗ್ರಿ ಹೆಚ್ಚಿದಂತೆ ಪೊಟ್ಟಣಗಳೂ ಕಂಪನಿಯ ವರಮಾನವೂ ಹೆಚ್ಚಿದವು. ಭಾರತದಲ್ಲಿ ಕರೆಯ ರಾಗ, ಕ್ರಿಕೆಟ್ ಸುದ್ದಿ, ಹಾಸ್ಯದ ತುಣುಕುಗಳಂಥ ‘ಮೌಲ್ಯವರ್ಧಿತ ಸೇವೆ’ಗಳ ಹಣದಲ್ಲಿ ಬಹುಪಾಲು ದೂರಸಂಪರ್ಕ ಕಂಪನಿಯಲ್ಲಿಯೇ ಉಳಿಯುತ್ತಿತ್ತು. ಚಲನಚಿತ್ರ ಗೀತೆಯೊಂದನ್ನು ಬಿಟ್ಟರೆ ಕನ್ನಡದಲ್ಲಿ ಏನನ್ನಾದರೂ ಸಿದ್ಧಪಡಿಸಿ ಬದುಕಬಹುದೆಂಬ ಭರವಸೆ ಲೇಖಕನಿಗಾಗಲಿ ಪ್ರಕಾಶಕನಿಗಾಗಲಿ ಮೂಡುವ ಸ್ಥಿತಿ ಅದಾಗಿರಲಿಲ್ಲ.

ಯೂರೋಪು ಹಿಡಿದ ಹಾದಿ ಬೇರೆ. 2000ನೆಯ ಇಸವಿಯಲ್ಲಿ ಮೂರನೆಯ ತಲೆಮಾರಿನ ತರಂಗಾಂತರಗಳ ಹರಾಜಿನಿಂದ ಬ್ರಿಟನ್ನಿನ ಬೊಕ್ಕಸಕ್ಕೆ 22.5 ಬಿಲಿಯನ್ ಪೌಂಡ್, ಜರ್ಮನಿಗೆ ಸುಮಾರು 50 ಬಿಲಿಯನ್ ಯೂರೋ ಬಂದವು. ದತ್ತಾಂಶದಿಂದ ಬರಲಿರುವ ವರಮಾನವನ್ನು ಕಂಪನಿಗಳು ಮುಂಗಡವಾಗಿಯೇ ಸರಕಾರಗಳಿಗೆ ಒಪ್ಪಿಸಿದಂತಾಯಿತು. ಗ್ರಾಹಕನಾದರೋ ಹಲವು ವರ್ಷ ಅತ್ತ ತಿರುಗಿ ನೋಡಲಿಲ್ಲ. ಭಾರತದಲ್ಲಿ ಇದೇ ಕಥೆ ಹತ್ತು ವರ್ಷ ತಡವಾಗಿ ನಡೆಯಿತು. 2010ರ ಹರಾಜಿನಲ್ಲಿ ಮೂರನೆಯ ತಲೆಮಾರಿನ ತರಂಗಾಂತರಗಳಿಗೆ ರೂ. 67,719 ಕೋಟಿ, ಬ್ರಾಡ್‌ಬ್ಯಾಂಡ್ ತರಂಗಾಂತರಗಳಿಗೆ ರೂ. 38,543 ಕೋಟಿ ಸಂದವು.

ಚೆನ್ನೈಗೆ ಈ ಕಥೆ ತೀರ ಹತ್ತಿರದ್ದು. ತಮಿಳುನಾಡಿನಲ್ಲಿ 1999ರಲ್ಲಿ ಸೇವೆ ಆರಂಭಿಸಿದ ಏರ್‌ಸೆಲ್, 2003ರಲ್ಲಿ ಆರ್‌ಪಿಜಿ ಸೆಲ್ಯುಲಾರನ್ನು ಕೊಂಡು ಮಹಾನಗರದಲ್ಲಿ ಬೇರೂರಿತು. 2010ರಲ್ಲಿ ತಮಿಳುನಾಡು, ಕರ್ನಾಟಕಗಳೂ ಸೇರಿ 13 ವೃತ್ತಗಳ ತರಂಗಾಂತರಗಳಿಗಾಗಿ ಸುಮಾರು 6,500 ಕೋಟಿ ರೂಪಾಯಿಗಳನ್ನು ತೆತ್ತಿತು. 2016ರ ಸೆಪ್ಟೆಂಬರ್ 5ರಂದು ರಿಲಯನ್ಸ್ ಜಿಯೋ ಮಾರುಕಟ್ಟೆಗೆ ಇಳಿದು, ಮುಂದಿನ ಮಾರ್ಚ್ ಕೊನೆಯವರೆಗೆ ದತ್ತಾಂಶವನ್ನು ಉಚಿತವಾಗಿ ಹಂಚಿದಾಗ ಸಾಲದ ಹೊರೆಯಿದ್ದ ಕಂಪನಿಗಳಿಗೆ ಉಸಿರಾಟ ಕಷ್ಟವಾಯಿತು. 2018ರ ಫೆಬ್ರವರಿಯಲ್ಲಿ ತಮಿಳುನಾಡಿನಲ್ಲಿ ಏರ್‌ಸೆಲ್ ಜಾಲ ಕುಸಿಯಿತು. ಲಕ್ಷಾಂತರ ಗ್ರಾಹಕರು ಸಂಖ್ಯೆ ಉಳಿಸಿಕೊಂಡು ಬೇರೆ ಕಂಪನಿ ಸೇರಲು ಮುಗಿಬಿದ್ದರು. ಆ ತಿಂಗಳ ಕೊನೆಗೆ ಕಂಪನಿ ದಿವಾಳಿ ಪ್ರಕ್ರಿಯೆಗೆ ಅರ್ಜಿ ಸಲ್ಲಿಸಿತು.

ದತ್ತಾಂಶದ ಬೇಡಿಕೆ ಕುಗ್ಗಿದ್ದರಿಂದ ಹೀಗಾಯಿತೇ ಎಂದರೆ, ಇಲ್ಲ. ನಿಯಂತ್ರಣ ಪ್ರಾಧಿಕಾರವು ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಭಾರತದ ಗ್ರಾಹಕರು 2014ರಲ್ಲಿ ಬಳಸಿದ ಸಂಚಾರಿ ದತ್ತಾಂಶ 82.8 ಕೋಟಿ ಗಿಗಾಬೈಟ್. 2018ರಲ್ಲಿ 4,640 ಕೋಟಿ ಗಿಗಾಬೈಟ್. ನಾಲ್ಕು ವರ್ಷಗಳಲ್ಲಿ ಐವತ್ತಾರು ಪಟ್ಟು. ಅದೇ ಅವಧಿಯಲ್ಲಿ ದತ್ತಾಂಶದ ವರಮಾನ ರೂ. 22,265 ಕೋಟಿಯಿಂದ ರೂ. 54,671 ಕೋಟಿಗೆ ಏರಿತು. ಇದು ಎರಡೂವರೆ ಪಟ್ಟು ಸಹ ಅಲ್ಲ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಒಂದು ಗಿಗಾಬೈಟಿನ ಬೆಲೆ ಸುಮಾರು 269 ರೂಪಾಯಿಯಿಂದ 12 ರೂಪಾಯಿಗೂ ಕೆಳಗೆ ಇಳಿದುದು ತಿಳಿಯುತ್ತದೆ. ಜೊತೆಗೆ ಧ್ವನಿಕರೆಯ ವರಮಾನವೂ ಕುಸಿದುದರಿಂದ, ಹತ್ತಕ್ಕಿಂತ ಹೆಚ್ಚು ಕಂಪನಿಗಳಿದ್ದ ಮಾರುಕಟ್ಟೆಯಲ್ಲಿ ಕೊನೆಗೆ ದೊಡ್ಡದಾಗಿ ಉಳಿದವು ಮೂರು ಖಾಸಗಿ ಕಂಪನಿಗಳು ಮತ್ತು ಸರಕಾರಿ ಸಂಸ್ಥೆ. ಸ್ಪರ್ಧೆ ತೆಳುವಾದ ಮೇಲೆ ಬೆಲೆ ಮತ್ತೆ ಏರುವುದು ಸಹಜ. 2024ರ ಜುಲೈಯಲ್ಲಿ ಮೂರೂ ಖಾಸಗಿ ಕಂಪನಿಗಳು ದರ ಹೆಚ್ಚಿಸಿದವು.

ಈ ಬೆಲೆಯಿಳಿತ ಕನ್ನಡ ಬರಹಕ್ಕೆ ತಂದ ಬದಲಾವಣೆ ದೊಡ್ಡದು. ಅಂತರಜಾಲದಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಸಂಕೇತಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು, ರೋಮನ್ ಅಕ್ಷರಕ್ಕೆ ಒಂದು. ಹಿಂದಿನ ವಾಕ್ಯವೇ ಇಲ್ಲಿ 53 ಬೈಟುಗಳಾಗುತ್ತದೆ, ರೋಮನ್ ರೂಪ 21. ಅಸಮತೆ ಕಡಿಮೆಯಾಗಲಿಲ್ಲ, ತುಸು ಹೆಚ್ಚಿತು. ಆದರೆ ಹನ್ನೆರಡು ರೂಪಾಯಿಗೆ ನೂರು ಕೋಟಿ ಬೈಟು ದೊರೆಯುವಲ್ಲಿ ಈ 32 ಬೈಟುಗಳ ವ್ಯತ್ಯಾಸಕ್ಕೆ ಹಣದ ರೂಪ ಕೊಡಲು ಪೈಸೆಯೂ ತೀರ ದೊಡ್ಡ ನಾಣ್ಯ. ಅದೇ ಕಾಲದಲ್ಲಿ ಫೋನುಗಳೂ ಕನ್ನಡ ಕಲಿತವು. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಲಿಪಿಗೆ ಬೆಂಬಲ ದೊರೆಯಿತು. 2016ರಲ್ಲಿ ಭಾರತ ಸರಕಾರವು ಇಲ್ಲಿ ಮಾರುವ ಫೋನುಗಳೆಲ್ಲ ಅಧಿಕೃತ ಭಾರತೀಯ ಭಾಷೆಗಳನ್ನು ಓದಲು ಬರುವಂತೆ ತೋರಿಸಬೇಕೆಂದು ಆದೇಶ ಹೊರಡಿಸಿತು. ಲಿಪಿಗಿದ್ದ ದಂಡ ರದ್ದಾಯಿತು.

ರದ್ದಾದ ಹೊತ್ತು ಮಾತ್ರ ವಿಚಿತ್ರವಾದುದು. ಐವತ್ತಾರು ಪಟ್ಟು ಬೆಳೆದ ದತ್ತಾಂಶ ಬರಹದ್ದಲ್ಲ, ಬಹುಪಾಲು ಚಲಿಸುವ ಚಿತ್ರದ್ದು. ಮುನ್ನೂರು ಪುಟಗಳ ಕನ್ನಡ ಕಾದಂಬರಿಯ ಪಠ್ಯ ಕೆಲವೇ ದಶಲಕ್ಷ ಬೈಟುಗಳಲ್ಲಿ ಅಡಗುತ್ತದೆ. ಸಾಧಾರಣ ಸ್ಪಷ್ಟತೆಯ ವಿಡಿಯೊ ಕೆಲವು ನಿಮಿಷಗಳಲ್ಲಿ ಅಷ್ಟನ್ನು ಮೀರುತ್ತದೆ. ಸೆಕೆಂಡಿಗೆ ಎರಡು ಸಾವಿರ ಬೈಟುಗಳಂತೆ ಬಿಗಿಯಾಗಿ ಅಡಕಗೊಳಿಸಿದ ಧ್ವನಿಸಂದೇಶದಲ್ಲಿಯೂ ‘ನಾಳೆ ಸಂಜೆ ಬರುತ್ತೇನೆ’ ಎಂದು ಹೇಳಲು ನಾಲ್ಕು ಸಾವಿರ ಬೈಟುಗಳಾದರೂ ಬೇಕು. ಅಕ್ಷರ ಅಗ್ಗವಾದಾಗ ಮಾತು ಅದಕ್ಕಿಂತ ಸಲೀಸಾಯಿತು.

ಕರ್ನಾಟಕದೊಳಗೆ ಇದು ಆಯ್ಕೆಯ ಪ್ರಶ್ನೆ. ಪಲ್ಲಾವರದಂಥ ಸ್ಥಳದಲ್ಲಿ ಹಾಗಲ್ಲ. ತಮಿಳುನಾಡಿನ 2006ರ ತಮಿಳು ಕಲಿಕೆಯ ಅಧಿನಿಯಮದಿಂದ ಶಾಲೆಗಳಲ್ಲಿ ತಮಿಳು ಕಡ್ಡಾಯವಾದ ಬಳಿಕ ಬೆಳೆದ ಕನ್ನಡ ಮನೆಗಳ ಮಕ್ಕಳಲ್ಲಿ ಮನೆಮಾತನ್ನು ಆಡಬಲ್ಲವರು ಇದ್ದಾರೆ, ಓದಿ ಬರೆಯಬಲ್ಲವರು ಕಡಿಮೆ. ಅವರಿಗೆ ಊರಿನ ಅಜ್ಜಿಯೊಡನೆ ಉಳಿದಿರುವ ನಂಟು ಧ್ವನಿಸಂದೇಶದ್ದು, ವಿಡಿಯೊ ಕರೆಯದ್ದು. ದತ್ತಾಂಶ ದುಬಾರಿಯಾಗಿದ್ದಲ್ಲಿ ಆ ನಂಟೂ ಸಡಿಲವಾಗುತ್ತಿತ್ತು. ಆದ್ದರಿಂದ ಅಗ್ಗದ ದತ್ತಾಂಶದಿಂದ ಬರಹಕ್ಕೆ ಕುಂದಾಯಿತೆಂದು ಮರುಗುವವರು, ಹೊರನಾಡಿನಲ್ಲಿ ಅದು ಮಾತನ್ನು ಉಳಿಸಿದ ಬಗೆಯನ್ನೂ ತೂಗಿ ನೋಡಬೇಕಾಗುತ್ತದೆ. ಬಳಕೆಯ ಪದಗಳಲ್ಲಿಯೂ ಈ ಇಬ್ಬಗೆ ಕಾಣುತ್ತದೆ. ಕನ್ನಡದ ವಿದ್ವತ್ತು ‘ಜಂಗಮವಾಣಿ’ ಎಂಬ ಸುಂದರವಾದ ಪದವನ್ನು ಕೊಟ್ಟಿತು. ಆದರೆ ಕರ್ನಾಟಕದ ಜನ ಅಂಗಡಿಗೆ ಹೋಗಿ ಕೇಳಿದುದು ‘ಕರೆನ್ಸಿ ಹಾಕಿ’ ಎಂದು. ಮಾತಾಡುವ ಅವಕಾಶವನ್ನೇ ಹಣವೆಂದು ಕರೆದ ಈ ಪ್ರಯೋಗ ಯಾವ ಪಾರಿಭಾಷಿಕ ಸಮಿತಿಯ ಸೃಷ್ಟಿಯೂ ಅಲ್ಲ. ಮದರಾಸು ವಿಶ್ವವಿದ್ಯಾಲಯಕ್ಕಾಗಿ ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟ್ಟೆಲ್ ನಿಘಂಟಿನಲ್ಲಿ ‘ಜಂಗಮ’ವುಂಟು, ‘ಕರೆನ್ಸಿ’ಯನ್ನು ಸೇರಿಸುವ ಕೆಲಸ ಮುಂದಿನವರದು.

ದೂರಸಂಪರ್ಕದ ವರದಿಗಳಲ್ಲಿ ಇಂಥ ಸಂಗತಿಗಳಿಗೆ ಅಂಕಣವಿಲ್ಲ. ವರಮಾನ ಕಂಪನಿವಾರು, ವೃತ್ತವಾರು ನಮೂದಾಗುತ್ತದೆ, ಭಾಷಾವಾರು ಅಲ್ಲ. 2005ರಲ್ಲಿ ಚೆನ್ನೈ ವೃತ್ತವು ತಮಿಳುನಾಡು ವೃತ್ತದೊಡನೆ ಒಂದಾಯಿತು. 2015ರ ಜುಲೈ 3ರಿಂದ ವೃತ್ತ ದಾಟಿದರೂ ಸಂಖ್ಯೆಯನ್ನು ಉಳಿಸಿಕೊಳ್ಳಬಹುದಾಗಿದೆ. ಹೀಗಾಗಿ ಹಳೆಯ ಕರ್ನಾಟಕದ ಸಂಖ್ಯೆಯಿಂದಲೇ ಪಲ್ಲಾವರದ ಮನೆಯೊಂದರಿಂದ ಹೊರಟ ಕನ್ನಡದ ಮಾತು ತಮಿಳುನಾಡು ವೃತ್ತದ ಲೆಕ್ಕದಲ್ಲಿ ಬೈಟುಗಳಾಗಿ ದಾಖಲಾಗುವುದು ಸಾಧ್ಯ.